ಮೂವತ್ತೊಂದು ಮೀಟರಿನ ಏರಿಯಲ್

ರೇಡಿಯೋ ನಿಲಯದ ಆ ಕೋಣೆ ಅಷ್ಟು ತಣ್ಣಗೆ, ಅಷ್ಟು ನಿಶ್ಶಬ್ದವಾಗಿ ಇರದಿದ್ದರೆ ದಮಯಂತಿ ಆ ಮಾತು ಆಡುತ್ತಲೇ ಇರಲಿಲ್ಲ. ಮನೆಯಲ್ಲಾದರೆ ಅವಳು ಒಂದು ವಾಕ್ಯ ಶುರುಮಾಡಿದ ಕೂಡಲೇ ಕುಕ್ಕರ್ ಕೂಗುತ್ತದೆ, ಇಲ್ಲವೇ ಗಂಡ ಕೂಗುತ್ತಾನೆ. ಮದುವೆಯಾದ ಮೇಲೆ ಅವಳು ಅರ್ಧಕ್ಕೆ ಬಿಟ್ಟ ವಾಕ್ಯಗಳನ್ನೆಲ್ಲ ಸಾಲಾಗಿ ಇಟ್ಟರೆ ಮಂಗಳೂರಿನ ಈ ತುದಿಯ ಜೆಪ್ಪುವಿನಿಂದ ಆ ತುದಿಯ ಕುಲಶೇಖರದವರೆಗೆ ಮುಟ್ಟೀತು. ನಿಲಯದಲ್ಲಿ ಮಾತ್ರ ಪ್ರಾಪ್ತಿ ಎಂಬ ಸಣ್ಣ ಪ್ರಾಯದವಳೊಬ್ಬಳು ಮೈಕಿನ ಆಚೆ ಕೂತು, ಗಲ್ಲಕ್ಕೆ ಕೈಕೊಟ್ಟು, "ಬಂಗುಡೆ ಸಾರು ಮಾಡ್ಲಿಕ್ಕೆ ಯಾರಿಂದ ಕಲಿತ್ರಿ ಮೇಡಂ?" ಎಂದು ಕೇಳಿ, ಉತ್ತರ ಮುಗಿಯುವವರೆಗೂ ಸುಮ್ಮನೆ ಕಾಯುತ್ತಿದ್ದಳು. ಹಾಗೆ ಕಾಯುವವರು ಸಿಕ್ಕಿದರೆ ಯಾರ ಬಾಯಿಂದಲೂ ಸತ್ಯ ಜಾರುತ್ತದೆ.

ದಮಯಂತಿಯ ಬಾಯಿಂದ ಜಾರಿದ್ದು ಇಷ್ಟೇ: "ಕಲಿತದ್ದು ನಮ್ಮ ಅತ್ತಿಗೆ ಸೇಸಕ್ಕನಿಂದ. ಆದರೆ ಸೇಸಕ್ಕ ಹಾಕುವ ಹುಳಿ ಎಷ್ಟೆಂದರೆ, ಮಿಕ್ಕಿದ ಸಾರಿನಲ್ಲಿ ತಾಮ್ರದ ಹಂಡೆ ಬೆಳಗಬಹುದು."

ಪ್ರಾಪ್ತಿ ನಕ್ಕಳು. ದಮಯಂತಿಯೂ ನಕ್ಕಳು. ಮನೆಗೆ ಬರುವ ಆಟೋ ಫಳ್ನೀರಿನ ತಿರುವಿನಲ್ಲಿ ಒಂದು ಗುಂಡಿಗೆ ಬಿದ್ದು ಎದ್ದಾಗ, ಆ ಮಾತು ರೇಡಿಯೋದಲ್ಲಿ ಬರುತ್ತದಲ್ಲ ಎಂದು ಹೊಳೆದು ನಗು ಅಲ್ಲೇ ಕಲ್ಲಾಯಿತು.

ಯಾಕೆಂದರೆ ಸೇಸಕ್ಕನೆಂದರೆ ಅಷ್ಟಿಷ್ಟು ಹೆಂಗಸಲ್ಲ. ದಮಯಂತಿಯ ಗಂಡ ಪೂವಪ್ಪನ ಅಕ್ಕ. ಮೀನಿನ ಬೋಟುಗಳು ಬಂದು ನಿಲ್ಲುವ ಧಕ್ಕೆಯಲ್ಲಿ ನಲವತ್ತು ವರ್ಷ ಮೀನು ಮಾರಿದವಳು. ಅವಳು ಬುಟ್ಟಿ ಇಳಿಸಿದರೆ ಏಲಂ ಕೂಗುವವನು ಕೂಡ ಒಂದು ಕ್ಷಣ ಸುಮ್ಮನಾಗುತ್ತಿದ್ದ. ಅವಳ ಬಂಗುಡೆ ಸಾರನ್ನು ಹೊಗಳುವುದು ಆ ಕುಟುಂಬದಲ್ಲಿ ರುಚಿಯ ವಿಷಯವಲ್ಲ, ಶಿಸ್ತಿನ ವಿಷಯ. ಚಿಕ್ಕಪ್ಪನ ಮಗ ಬೋಜ ಒಮ್ಮೆ ಆ ಸಾರು ಉಣ್ಣುವಾಗ ಅಪ್ಪಿತಪ್ಪಿ ಉಪ್ಪಿನಕಾಯಿ ಕೇಳಿದ್ದಕ್ಕೆ ಸೇಸಕ್ಕ ಅವನ ಹತ್ತಿರ ನಾಲ್ಕು ವರ್ಷ ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ಕುಟುಂಬದ ಅರ್ಧ ಮಾತಾಡುವುದಿಲ್ಲ.

ಮತ್ತು ಬರುವ ಭಾನುವಾರ ದಮಯಂತಿಯ ಮಗಳು ಮೋಕ್ಷಾಳ ನಿಶ್ಚಿತಾರ್ಥ. ಹಿರಿಯವಳಾಗಿ ಎದುರು ನಿಂತು ಹರಿವಾಣ ಹಿಡಿಯಬೇಕಾದವಳು ಸೇಸಕ್ಕ. ಅವಳು ಬಾರದಿದ್ದರೆ ಗಂಡಿನ ಕಡೆಯವರ ಎದುರು ಅರ್ಧ ಸಭಾಂಗಣ ಖಾಲಿ ಕುರ್ಚಿಗಳಿಂದ ತುಂಬುತ್ತದೆ.

ದಮಯಂತಿ ಎರಡು ಸಲ ಬಚ್ಚಲುಮನೆಯಿಂದ ನಿಲಯಕ್ಕೆ ಫೋನ್ ಮಾಡಿದಳು. "ಪ್ರಾಪ್ತಿ ಮೇಡಂ ರಜೆಯಲ್ಲಿದ್ದಾರೆ, ಬುಧವಾರ ಮಧ್ಯಾಹ್ನದ ಮೇಲೆ ಸಿಗ್ತಾರೆ," ಎಂಬ ಉತ್ತರ ಬಂತು. ಪ್ರಸಾರ ಬುಧವಾರ ಹನ್ನೆರಡೂವರೆಗೆ. ಅಷ್ಟರೊಳಗೆ ಪೂವಪ್ಪ, ಹೆಂಡತಿಯ ಹೆಮ್ಮೆಯಲ್ಲಿ ಉಬ್ಬಿ, ಅಕ್ಕನಿಗೆ ಸುದ್ದಿ ಮುಟ್ಟಿಸಿದ್ದ: "ಅಕ್ಕ, ನಿನ್ನ ಹೆಸರು ರೇಡಿಯೋದಲ್ಲಿ ಬರ್ತದೆ. ನಮ್ಮಲ್ಲಿಗೇ ಬಾ, ಒಟ್ಟಿಗೆ ಕೇಳುವ."

ಬುಧವಾರ ಬೆಳಿಗ್ಗೆ ಮೋಕ್ಷಾ ಕೆಲಸಕ್ಕೆ ಹೊರಡುತ್ತ, "ಅಷ್ಟೆಲ್ಲ ಯಾಕಪ್ಪ, ಮೊಬೈಲಿನಲ್ಲೇ ಬರ್ತದಲ್ಲ," ಎಂದಳು.

"ಮೊಬೈಲಿನಲ್ಲಿ ಬಂದರೆ ಅದು ಮೊಬೈಲು. ರೇಡಿಯೋದಲ್ಲಿ ಬಂದರೆ ಮಾತ್ರ ರೇಡಿಯೋ," ಎಂದ ಪೂವಪ್ಪ.

"ನಿನ್ನ ಅಪ್ಪ ಹೇಳುವುದು ನೂರಕ್ಕೆ ನೂರು ಸರಿ," ಎಂದಳು ದಮಯಂತಿ. ಹೆಂಡತಿ ತನ್ನ ಮಾತಿಗೆ ಇಷ್ಟು ಬೇಗ ಒಪ್ಪಿದ್ದು ಕೇಳಿ ಪೂವಪ್ಪ ಗಾಬರಿಯಾಗಿ ಚಹಾ ಕೆಳಗಿಟ್ಟ.

ಅವಳ ಭರವಸೆಯೆಲ್ಲ ಆ ರೇಡಿಯೋದ ಮೇಲೆಯೇ ಇತ್ತು. ಪೂವಪ್ಪ ಮೀನುಗಾರಿಕೆ ಬೋಟು ನಡೆಸುತ್ತಿದ್ದ ಕಾಲದಲ್ಲಿ ಅವನ ತಮ್ಮ ದುಬೈಯಿಂದ ತಂದುಕೊಟ್ಟ ಪುಟ್ಟ ಪೆಟ್ಟಿಗೆ ಅದು. ಶಾರ್ಟ್ ವೇವ್ ಉಂಟು, ಮೀಡಿಯಂ ವೇವ್ ಉಂಟು, ಎಳೆದರೆ ಮೊಳಕ್ಕಿಂತ ಉದ್ದ ಬರುವ ಬೆಳ್ಳಿಬಣ್ಣದ ಕಡ್ಡಿ ಉಂಟು. ನಿವೃತ್ತನಾದ ಮೇಲೆ ಪೂವಪ್ಪ ಮೂರನೇ ಮಾಳಿಗೆಯ ಬಾಲ್ಕನಿಯಲ್ಲಿ ಕೂತು, ಗಾಳದ ಕೋಲಿನ ಹಾಗೆ ಆ ಕಡ್ಡಿ ಹಿಡಿದು, ಗಾಳಿಯಿಂದ ಚೀನೀ, ಅರಬ್ಬೀ, ರಷ್ಯನ್ ಮಾತುಗಳನ್ನು ಹಿಡಿಯುತ್ತಿದ್ದ. ಒಂದೂ ಅರ್ಥವಾಗುತ್ತಿರಲಿಲ್ಲ, ಹಿಡಿದದ್ದೇ ಸುಖ. ಆದರೆ ಊರಿನ ಮೀಡಿಯಂ ವೇವ್ ಮಾತ್ರ ಆ ಕಾಂಕ್ರೀಟಿನ ಗೂಡಿನೊಳಗೆ ಸರಿಯಾಗಿ ಬರುತ್ತಿರಲಿಲ್ಲ. ಅವರ ಮನೆಯಲ್ಲಿ ಚೀನಾ ಸಿಗುತ್ತಿತ್ತು, ಮಂಗಳೂರು ಸಿಗುತ್ತಿರಲಿಲ್ಲ.

ಇನ್ನೊಂದು ಗುಟ್ಟೂ ದಮಯಂತಿಗೆ ಗೊತ್ತಿತ್ತು. ಧೂಳು ಒರೆಸುವಾಗ ಎಷ್ಟೋ ಸಲ ನೋಡಿದ್ದಳು: ಮೀಡಿಯಂ ವೇವಿಗೆ ಆ ಕಡ್ಡಿ ಎಳೆದರೂ ಅಷ್ಟೇ, ಮಡಚಿದರೂ ಅಷ್ಟೇ. ಕಿವಿ ಇರುವುದು ಪೆಟ್ಟಿಗೆಯ ಒಳಗೆಲ್ಲೋ. ಪೆಟ್ಟಿಗೆಯನ್ನೇ ಅಡ್ಡಕ್ಕೆ ತಿರುಗಿಸಿದರೆ ವಾರ್ತೆ ಓದುವವರ ಸ್ವರ ಬಾವಿಗೆ ಬಿದ್ದ ಹಾಗೆ ಮುಳುಗುತ್ತದೆ, ನೆಟ್ಟಗೆ ಮಾಡಿದರೆ ಮೇಲೆ ಬರುತ್ತದೆ. ಗಂಡನಿಗೆ ಹೇಳಿರಲಿಲ್ಲ. ಕಡ್ಡಿ ಎಳೆಯುವುದರಲ್ಲಿ ಅವನ ತಾಂಡೇಲಗಿರಿ, ಬೋಟು ನಡೆಸಿದವನ ಆ ಗತ್ತು, ಇನ್ನೂ ಸ್ವಲ್ಪ ಉಳಿದಿತ್ತು. ಅದನ್ನು ಯಾಕೆ ಮಡಚಬೇಕು?

ಆದರೂ ಇರಲಿ ಎಂದು ಪಕ್ಕದ ಮನೆಯ ನಾಝಿಮಾಳ ಹತ್ತಿರ ಎಲ್ಲ ಹೇಳಿಕೊಂಡಳು. ಎರಡು ಅಡುಗೆಮನೆಗಳಿಗೆ ಒಂದೇ ಗೋಡೆ. ನಾಝಿಮಾ ಇಂಡಕ್ಷನ್ ಒಲೆ ಹಚ್ಚಿದ ಕೂಡಲೇ ಈಚೆ ರೇಡಿಯೋ ಗುಯ್ಯ್ ಎನ್ನುತ್ತಿತ್ತು. "ನಾಝಿಮಾ ಚಹಾಕ್ಕೆ ಇಟ್ಟಳು," ಎಂದು ಪೂವಪ್ಪ ಗಡಿಯಾರ ನೋಡದೆ ಹೇಳುತ್ತಿದ್ದ.

"ಅಷ್ಟೇ ಅಲ್ವಾ ದಮಯಂತಿಯಕ್ಕ?" ನಾಝಿಮಾಳ ಕಣ್ಣು ಮಿಂಚಿತು. "ಇಡೀ ಹೊತ್ತು ಒಲೆ ಹಚ್ಚಿಯೇ ಇಡ್ತೇನೆ."

"ಹಾಗೆ ಮಾಡ್ಬೇಡ ಮಾರಾಯ್ತಿ. ಇವರು ಬಂದು ನಿನ್ನ ಬಾಗಿಲು ಬಡೀತಾರೆ. ನಾನು ಗೋಡೆಗೆ ಒಂದು ಸಲ ಕುಟ್ಟಿದ್ರೆ ಹಚ್ಚು. ಇನ್ನೊಂದು ಸಲ ಕುಟ್ಟಿದ್ರೆ ಆಫ್. ಆಯ್ತಾ?"

"ಪಾತ್ರೆಯಲ್ಲಿ ಎಂತ ಇಡ್ಲಿ? ಖಾಲಿ ಇಟ್ರೆ ಪಾತ್ರೆ ಸುಟ್ಟು ಹೋಗ್ತದೆ."

"ಎಂತ ಬೇಕಾದ್ರೂ ಇಡು. ನೀರಿಡು."

"ಸುಮ್ಮನೆ ನೀರು ಯಾಕೆ? ಮೊಟ್ಟೆ ಇಡ್ತೇನೆ," ಎಂದಳು ನಾಝಿಮಾ. ಗೃಹಿಣಿಯಾದವಳು ಸಂಚು ಮಾಡುವಾಗಲೂ ಕರೆಂಟು ದಂಡ ಮಾಡುವುದಿಲ್ಲ.

ಹನ್ನೊಂದು ಗಂಟೆಗೆ ಮೇಲಿನ ಮಾಳಿಗೆಯ ಸೆಡ್ರಿಕ್ ಬಂದ. ಕುವೈತಿನಲ್ಲಿ ಬಹಳ ವರ್ಷ ಇದ್ದು ಬಂದ ಮನುಷ್ಯ. ಊರಿನಲ್ಲಿ ಕ್ರೈಸ್ತರನ್ನು ಕರೆಯುವ ರೂಢಿಯಂತೆ ಎಲ್ಲರಿಗೂ ಅವನು ಪೊರ್ಬುಗಳು. ಬಾಳೆಹಣ್ಣು ಸುಲಿಯುವುದಕ್ಕೂ ಕುವೈತಿನಲ್ಲಿ ಬೇರೆ ಕ್ರಮ ಉಂಟು ಎನ್ನುವ ಜಾತಿ. ರೇಡಿಯೋವನ್ನು ಅಂಗೈ ಮೇಲಿಟ್ಟು ಡಾಕ್ಟರರ ಹಾಗೆ ನೋಡಿದ.

"ಪೂವಪ್ಪಣ್ಣ, ನಿಮ್ಮ ಏರಿಯಲ್ ಸಾಲದು. ಇಲ್ಲಿ ಬರೆದದ್ದು ಓದಿದ್ದೀರಾ? ಮೂವತ್ತೊಂದು ಮೀಟರ್, ನಲವತ್ತೊಂದು ಮೀಟರ್."

"ಅದು ಎಂತಂತ ನನಗೆ ಇಷ್ಟು ವರ್ಷ ಗೊತ್ತಾಗ್ಲಿಲ್ಲ ಪೊರ್ಬುಗಳೇ."

"ವಯರಿನ ಉದ್ದ. ಮಿನಿಮಂ ಮೂವತ್ತೊಂದು ಮೀಟರ್ ಬೇಕು ಅಂತ ಕಂಪೆನಿಯವರೇ ಬರೆದಿದ್ದಾರೆ. ಕುವೈತಿನಲ್ಲಿ ನಾವು ಐವತ್ತು ಹಾಕ್ತಿದ್ದೆವು."

ಅದು ಶಾರ್ಟ್ ವೇವಿನ ಅಲೆಗಳ ಉದ್ದವೆಂದು ಹೇಳುವವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೂ ಅಷ್ಟು ಹೊತ್ತಿಗೆ ಸೆಡ್ರಿಕ್ ತಾಮ್ರದ ವಯರಿನ ಸುರುಳಿಯೊಂದಿಗೆ ತಾರಸಿಯ ಮೇಲಿದ್ದ. ವಯರು ನೀರಿನ ಟಾಂಕಿಯ ಕಾಲಿನಿಂದ ಹೊರಟು, ಬಟ್ಟೆ ಒಣಗಿಸುವ ಕಂಬಕ್ಕೆ ಸುತ್ತಿ, ಪಕ್ಕದ ತೆಂಗಿನ ಮರವನ್ನು ಒಮ್ಮೆ ಮಾತಾಡಿಸಿ, ಎರಡು ಬಾಲ್ಕನಿಗಳ ಲುಂಗಿ ನೈಟಿಗಳ ನಡುವೆ ನುಸುಳಿ, ದಮಯಂತಿಯ ಕಿಟಕಿಯೊಳಗೆ ಬಂತು. ಕೆಳಗಿನ ಮನೆಯವರು ಯಾರ ಮನೆಯಲ್ಲಿ ಮದುವೆ, ಲೈಟು ಹಾಕುವುದಾ ಎಂದು ಕೇಳಿದರು.

ಅದೇ ಹೊತ್ತಿಗೆ ಸೇಸಕ್ಕ ಬಂದಳು. ಜರಿಯ ಸೀರೆ, ತಲೆಯಲ್ಲಿ ಮಲ್ಲಿಗೆ ಚೆಂಡು. ರೇಡಿಯೋದಲ್ಲಿ ಹೆಸರು ಬರುವುದಕ್ಕೆ ಇಷ್ಟು ಶೃಂಗಾರವೇ ಎಂದು ದಮಯಂತಿ ಕಣ್ಣು ತಪ್ಪಿಸಿದಳು.

"ಎಷ್ಟು ಗಂಟೆಗೆ ನನ್ನ ಹೆಸರು?" ಸೇಸಕ್ಕ ಸೋಫಾದ ನಡುವಿನಲ್ಲಿ ಕೂತಳು.

"ಹನ್ನೆರಡೂವರೆಗೆ ಶುರು ಅಕ್ಕ. ಆದ್ರೆ ಸರಿ ಬರ್ತದಂತ ಹೇಳ್ಲಿಕ್ಕಾಗುವುದಿಲ್ಲ," ಎಂದಳು ದಮಯಂತಿ. "ಈ ಬಿಲ್ಡಿಂಗಿನಲ್ಲಿ ಸಿಗುವುದೇ ಕಷ್ಟ."

"ಸಿಗ್ತದೆ, ಸಿಗದೆ ಎಂತ," ಎಂದ ಸೆಡ್ರಿಕ್, ಕಿಟಕಿಯಿಂದ ಅರ್ಧ ಒಳಗೆ, ಅರ್ಧ ಹೊರಗೆ.

ಪೂವಪ್ಪ ರೇಡಿಯೋ ಹಚ್ಚಿದ. ಬಾಣಲೆಯಲ್ಲಿ ಮೀನು ಹುರಿಯುವಂಥ ಸದ್ದು. ದಮಯಂತಿ ಟೀಪಾಯಿ ಒರೆಸುವ ನೆವದಲ್ಲಿ ಪೆಟ್ಟಿಗೆಯನ್ನು ಮೆಲ್ಲ ಅಡ್ಡಕ್ಕೆ ತಿರುಗಿಸಿದಳು. ಮೀನು ಹುರಿಯುವುದೂ ನಿಂತಿತು.

"ಮಿಷಿನು ಸತ್ತಿತಾ?" ಸೇಸಕ್ಕ ಕೇಳಿದಳು.

"ಕರೆಂಟಿನ ತೊಂದರೆ," ಎಂದ ಸೆಡ್ರಿಕ್. "ಎಲ್ಇಡಿ ಬಲ್ಬು, ಚಾರ್ಜರು, ಫ್ರಿಜ್ಜು, ಎಲ್ಲ ರೇಡಿಯೋದ ಶತ್ರುಗಳು. ರೇಡಿಯೋ ಹೇಗೂ ಸೆಲ್ಲಿನದ್ದು, ಮೇನ್ ಸ್ವಿಚ್ಚೇ ತೆಗೀರಿ."

ಪೂವಪ್ಪ ಮೇನ್ ಸ್ವಿಚ್ ಇಳಿಸಿದ. ಫ್ಯಾನು ನಿಂತಿತು. ಮೇ ತಿಂಗಳ ಮಧ್ಯಾಹ್ನ ಒಳಗೆ ಬಂದು ಎಲ್ಲರ ತೊಡೆಯ ಮೇಲೆ ಕೂತಿತು. ಸೇಸಕ್ಕ ಹಾಳೆಯ ಬೀಸಣಿಗೆ ಹಿಡಿದಳು. ಸೆಡ್ರಿಕ್ ವಯರಿನ ತುದಿಯನ್ನು ಕಡ್ಡಿಗೆ ಕಟ್ಟಲು ನೋಡಿದ; ಕಟ್ಟಿದಷ್ಟೂ ಸಲ ಅದು ಜಾರಿ ಬಿತ್ತು.

"ಕೊಡಿ ಪೊರ್ಬುಗಳೇ, ನಾನು ಕಟ್ತೇನೆ," ದಮಯಂತಿ ವಯರು ಕಸಿದುಕೊಂಡಳು. ಕಡ್ಡಿಗೆ ಕಟ್ಟಲಿಲ್ಲ. ಈ ಪೆಟ್ಟಿಗೆಗೆ ಉಸಿರು ಕಟ್ಟಬೇಕು ಎಂಬ ಹಟದಲ್ಲಿ, ಏಡಿಯ ಕೊಂಬು ಕಟ್ಟುವ ಹಾಗೆ, ರೇಡಿಯೋದ ಮೈಗೇ ಬಿಗಿಯಾಗಿ ಹತ್ತು ಸುತ್ತು ಸುತ್ತಿ ಗಂಟು ಹಾಕಿದಳು.

ಕೊನೆಯ ಗಂಟು ಬಿದ್ದದ್ದೇ ತಡ, ರೇಡಿಯೋ ಹಿಂದೆಂದೂ ಇಲ್ಲದ ಹಾಗೆ ಗುಡುಗಿತು: "ಕೇಳುಗರಿಗೆ ನಮಸ್ಕಾರ, ಮಹಿಳಾ ಕಾರ್ಯಕ್ರಮಕ್ಕೆ ಸ್ವಾಗತ."

ಪೆಟ್ಟಿಗೆಯ ಒಳಗಿನ ಕಿವಿಗೇ ನೇರವಾಗಿ ವಯರು ಸುತ್ತಿ, ಅವಳು ತನ್ನ ಕೈಯಾರೆ ಅದರ ಕಿವುಡು ಬಿಡಿಸಿದ್ದಳು. ತಾರಸಿಯ ಮೇಲಿನ ಅಷ್ಟೂ ವಯರು ಈಗ ಆ ಪೆಟ್ಟಿಗೆಗಾಗಿ ಕೇಳುತ್ತಿತ್ತು. ಅಡ್ಡಕ್ಕೆ ತಿರುಗಿಸಿ ನೋಡಿದಳು, ಸ್ವರ ಅಲುಗಲಿಲ್ಲ. ಉದ್ದಕ್ಕೆ ತಿರುಗಿಸಿದಳು, ಇನ್ನೂ ಜೋರಾಯಿತು.

"ದಮಯಂತಿಯಕ್ಕನಿಗೆ ಟೆಕ್ನಿಕ್ ಗೊತ್ತುಂಟು," ಎಂದ ಸೆಡ್ರಿಕ್ ಗೌರವದಿಂದ. ಪೂವಪ್ಪ ಹೆಂಡತಿಯನ್ನು ಹೊಸದಾಗಿ ಮದುವೆಯಾದವನ ಹಾಗೆ ನೋಡಿದ.

ದಮಯಂತಿ ಅಡುಗೆಮನೆಯ ಬಾಗಿಲಿಗೆ ಹೋಗಿ ಗುಂಡುಕಲ್ಲು ಹಿಡಿದು ನಿಂತಳು. ಅಷ್ಟರಲ್ಲಿ ಅವಳ ಸ್ವರ ಬಂತು. ಮೆಣಸು ಹುರಿಯುವುದು, ಕೊತ್ತಂಬರಿ ಎಷ್ಟು, ತೆಂಗಿನಕಾಯಿ ಯಾವಾಗ. ಅವಸರವಿಲ್ಲದ, ಯಾರಿಗೂ ಹೆದರದ, ಒಂದೊಂದು ವಾಕ್ಯವನ್ನೂ ದಡ ಮುಟ್ಟಿಸುವ ಹೆಂಗಸೊಬ್ಬಳ ಸ್ವರ. ಇವಳು ಇಷ್ಟು ವರ್ಷ ಎಲ್ಲಿದ್ದಳು ಎಂದು ದಮಯಂತಿಗೆ ಅನಿಸಿತು. ಅವಳನ್ನು ಇನ್ನಷ್ಟು ಹೊತ್ತು ಕೇಳಬೇಕೆಂದು ಆಸೆಯಾಯಿತು. ಆದರೆ ಗುಂಡುಕಲ್ಲು ಕೈಯಲ್ಲಿತ್ತು, ಮಗಳ ನಿಶ್ಚಿತಾರ್ಥ ತಲೆಯಲ್ಲಿತ್ತು.

"ಯಾರಿಂದ ಕಲಿತ್ರಿ ಮೇಡಂ?"

"ಕಲಿತದ್ದು ನಮ್ಮ ಅತ್ತಿಗೆ ಸೇಸಕ್ಕನಿಂದ."

ಸೇಸಕ್ಕ ಮಲ್ಲಿಗೆ ಸರಿಪಡಿಸಿಕೊಂಡಳು.

"ಅವರ ಸಾರು..."

ದಮಯಂತಿ ಗೋಡೆಗೆ ಕುಟ್ಟಿದಳು. ಆಚೆ ಮೊಟ್ಟೆಯ ಪಾತ್ರೆಯ ಕೆಳಗೆ ಒಲೆ ಹತ್ತಿತು. ರೇಡಿಯೋದೊಳಗೆ ಸಾವಿರ ಕಣಜಗಳು ಎದ್ದವು.

"ನಾಝಿಮಾ ಚಹಾಕ್ಕೆ ಇಟ್ಟಳು," ಪೂವಪ್ಪ ಕುರ್ಚಿಯಿಂದ ಹಾರಿ ಬಾಗಿಲ ಕಡೆ ಓಡಿದ. ಅವನು ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ ದಮಯಂತಿ ಮತ್ತೆ ಕುಟ್ಟಿದಳು. ಕಣಜಗಳು ನಿಂತವು.

"...ಬಾಯಿಗೆ ಇಡ್ಲಿಕ್ಕಿಲ್ಲ," ಎಂದಿತು ರೇಡಿಯೋ, ದಮಯಂತಿಯ ಸ್ವರದಲ್ಲಿ, ಸ್ಪಷ್ಟವಾಗಿ.

ಬೀಸಣಿಗೆ ನಿಂತಿತು.

ದಮಯಂತಿ ರೇಡಿಯೋವನ್ನೇ ದಿಟ್ಟಿಸಿದಳು. ಹೀಗೂ ಹೇಳಿದ್ದೇನಾ? ನೆನಪೇ ಇಲ್ಲವಲ್ಲ. ಹುಳಿಯ ಒಂದು ಮಾತು ಜಾರಿತು ಅಂದುಕೊಂಡಿದ್ದರೆ, ನಾಲಿಗೆ ಇಡೀ ಬೆಟ್ಟವನ್ನೇ ಜಾರಿಸಿದೆ. ಇನ್ನು ಏನೇನು ಬರಲಿಕ್ಕುಂಟೋ.

"ಸೇಸಕ್ಕನ ಸಾರು..." ಎಂದಿತು ರೇಡಿಯೋ. ಕುಟ್ಟಿದಳು. ಗುಯ್ಯ್. ಪೂವಪ್ಪ ಮತ್ತೆ ಬಾಗಿಲಿಗೆ. ಕುಟ್ಟಿದಳು.

"...ನಮ್ಮ ಮನೆಯ ಬೆಕ್ಕು ಸಹ ಮೂಸಿ ನೋಡಿ ತಿರುಗಿ ಹೋಗ್ತದೆ."

"ಬೆಕ್ಕಾ?" ಎಂದಳು ಸೇಸಕ್ಕ.

"ಕಡ್ಡಿ ಸ್ವಲ್ಪ ಎಡಕ್ಕೆ ಮಾಡಿ," ಎಂದ ಸೆಡ್ರಿಕ್. ಅವನಿಗೆ ರಿಸೆಪ್ಷನ್ ಒಂದೇ ಚಿಂತೆ.

"ಅಂಥ ಕೈಗೆ..." ಕುಟ್ಟಿದಳು. ಗುಯ್ಯ್. ಈ ಸಲ ಹೆದರಿಕೆಗೆ ಕಲ್ಲು ಎರಡು ಸಲ ಬಡಿಯಿತು. ನಾಝಿಮಾ ಲೆಕ್ಕ ತಪ್ಪಿ ಹಚ್ಚಿದಳು, ಆರಿಸಿದಳು, ಹಚ್ಚಿದಳು, ಆರಿಸಿದಳು.

"...ಹಾಕ್ಬೇಕು. ಇಲ್ಲದಿದ್ರೆ ದೇವರು ಮೆಚ್ಚಲಿಕ್ಕಿಲ್ಲ," ಎಂದು ಹೇಳಿ ರೇಡಿಯೋ ವೀಣೆ ನುಡಿಸತೊಡಗಿತು. ಕಾರ್ಯಕ್ರಮ ಮುಗಿದಿತ್ತು.

ಬೆವರು ಎಲ್ಲರ ಮೈಮೇಲೆ ಸ್ವತಂತ್ರವಾಗಿ ಓಡಾಡುತ್ತಿತ್ತು.

"ಎಂತ ಹಾಕ್ಬೇಕಂತೆ ನನ್ನ ಕೈಗೆ?" ಸೇಸಕ್ಕ ಮೆಲ್ಲಗೆ ಕೇಳಿದಳು. ಧಕ್ಕೆಯಲ್ಲಿ ಅವಳು ಮೆಲ್ಲಗೆ ಮಾತಾಡಿದ ದಿನ ಎರಡು ಬೋಟಿನವರು ಊರು ಬಿಟ್ಟಿದ್ದರಂತೆ.

"ಅದು ಸರಿ ಕೇಳಿಸ್ಲಿಲ್ಲ ಅಕ್ಕ," ಎಂದ ಪೂವಪ್ಪ.

"ಕೋಳ ಅಂತ ನನಗೆ ಕೇಳಿಸಿತು," ಎಂದ ಸೆಡ್ರಿಕ್, ಸಹಾಯವಾಗಲಿ ಎಂದು. "ಬೇಡಿ ಅಂತಲೂ ಇರ್ಬಹುದು."

ಸೇಸಕ್ಕ ಎದ್ದಳು. ತಲೆಯ ಮಲ್ಲಿಗೆ ತೆಗೆದು ಟೀಪಾಯಿಯ ಮೇಲಿಟ್ಟಳು. "ಪೂವಪ್ಪ, ಒಂದು ಆಟೋ ಮಾಡು. ಭಾನುವಾರ ಹರಿವಾಣ ಹಿಡಿಲಿಕ್ಕೆ ನಿಮ್ಮ ಮನೆಯ ಬೆಕ್ಕನ್ನು ಕರೀರಿ. ಮೂಸಿ ನೋಡ್ಲಿ."

"ಅಕ್ಕ, ನಾನು ಹಾಗೆ ಹೇಳ್ಲಿಲ್ಲ," ಎಂದಳು ದಮಯಂತಿ.

"ಮತ್ತೆ ಹೇಗೆ ಹೇಳಿದ್ದು? ಅದನ್ನೇ ಹೇಳು."

ಅದನ್ನು ಮಾತ್ರ ಹೇಳುವ ಹಾಗಿರಲಿಲ್ಲ. ಅಷ್ಟರಲ್ಲಿ ಅಡುಗೆಮನೆಯಲ್ಲಿ ದಮಯಂತಿಯ ಮೊಬೈಲು ರಿಂಗಾಯಿತು; ಹೋಗಿ ಎತ್ತಿದಳು.

"ಮೇಡಂ, ನಾನು ಪ್ರಾಪ್ತಿ. ನೀವು ಎರಡು ಸಲ ಫೋನ್ ಮಾಡಿದ್ದಿರಂತೆ? ಪ್ರೋಗ್ರಾಂ ಕೇಳಿದ್ರಾ? ನಿಮ್ಮ ಅತ್ತಿಗೆಯನ್ನು ಎಷ್ಟು ಹೊಗಳಿದ್ದೀರಿ ಮೇಡಂ, ಇಲ್ಲಿ ಎಲ್ಲರೂ ಅದನ್ನೇ ಮಾತಾಡ್ತಿದ್ದಾರೆ."

"ಹೊಗಳಿದ್ದಾ? ನಾನಾ?"

"ಮತ್ತೆ? ಅವರ ಸಾರು ಒಂದು ಸಲ ತಿಂದವರು ಬೇರೆ ಯಾರ ಸಾರನ್ನೂ ಬಾಯಿಗೆ ಇಡ್ಲಿಕ್ಕಿಲ್ಲ ಅಂದ್ರಲ್ಲ."

ದಮಯಂತಿಗೆ ಆಗ ಹೊಳೆಯಿತು. ಮದುವೆಯಾದಂದಿನಿಂದ ಹೇಳಿ ಹೇಳಿ ಆ ಹೊಗಳಿಕೆ ನಾಲಿಗೆಗೆ ಎಷ್ಟು ಅಂಟಿತ್ತೆಂದರೆ, ಹೇಳಿದ್ದು ಅವಳ ಕಿವಿಗೇ ಬಿದ್ದಿರಲಿಲ್ಲ. ನೆನಪಿನಲ್ಲಿ ಉಳಿದದ್ದು ನಿಜವಾಗಿ ತನ್ನದಾಗಿದ್ದ ಆ ಒಂದೇ ವಾಕ್ಯ. ರೇಡಿಯೋ ಹೇಳಿದ್ದೆಲ್ಲ ಹೂವು. ದಾರ ಕಡಿದು ಚೆಲ್ಲಿದ್ದು ತನ್ನ ಗುಂಡುಕಲ್ಲು.

ಅವಳು ಸೇಸಕ್ಕನ ಹತ್ತಿರ ಓಡಿದಳು. "ಅಕ್ಕ, ಆಟೋ ಬೇಡ, ಕೂತ್ಕೊಳ್ಳಿ. ರೇಡಿಯೋದವರೇ ಹೇಳ್ತಾರೆ, ಕೇಳಿ." ಸ್ಪೀಕರ್ ಒತ್ತಿದಳು. "ಪ್ರಾಪ್ತಿ, ಇನ್ನೊಮ್ಮೆ ಹೇಳಿ. ಜೋರಾಗಿ ಹೇಳಿ."

"ಇಲ್ಲಿ ಕೊಡಿ, ಕಿಟಕಿಯ ಹತ್ತಿರ ಸಿಗ್ನಲ್ ಚೆನ್ನಾಗಿ ಉಂಟು," ಸೆಡ್ರಿಕ್ ಫೋನನ್ನು ತೆಗೆದುಕೊಂಡು, ಆರಡಿ ಎತ್ತರದ ಮನುಷ್ಯ, ಕೈ ಮೇಲೆತ್ತಿ ದೀಪಸ್ತಂಭದ ಹಾಗೆ ನಿಂತ.

ಪ್ರಾಪ್ತಿ ಒಂದೊಂದಾಗಿ ಹೇಳಿದಳು. ಸೇಸಕ್ಕನ ಸಾರಿನ ರುಚಿ ಹತ್ತಿದ ಮೇಲೆ ತಾನು ಮಾಡಿದ್ದನ್ನು ತನ್ನ ಮನೆಯ ಬೆಕ್ಕು ಸಹ ಮೂಸಿ ನೋಡಿ ತಿರುಗಿ ಹೋಗುತ್ತದೆ ಎಂದದ್ದು. ಅಂಥ ಕೈಗೆ ಚಿನ್ನದ ಕಡಗ ಹಾಕಬೇಕು ಎಂದದ್ದು. ಒಂದೊಂದು ಮಾತಿಗೂ ಸೇಸಕ್ಕನ ಮುಖದ ಒಂದೊಂದು ಗಂಟು ಬಿಚ್ಚಿತು. ಕಡಗದ ಹೊತ್ತಿಗೆ ಅವಳು ಮಲ್ಲಿಗೆಯನ್ನು ಮತ್ತೆ ಮುಡಿದಿದ್ದಳು.

"ಬರ್ತೇನೆ ಮಾರಾಯ್ತಿ ಭಾನುವಾರ," ಎಂದಳು. "ಬಾರದೆ ಹೇಗೆ?"

ದಮಯಂತಿಯ ಎದೆಯೊಳಗೆ ತಣ್ಣಗೆ ಫ್ಯಾನು ತಿರುಗಿತು.

"ಮತ್ತೆ ಮೇಡಂ," ಎಂದಿತು ಸೆಡ್ರಿಕನ ಕೈಯಲ್ಲಿದ್ದ ಫೋನು, ಗಂಟೆಯ ಹಾಗೆ ಸ್ವಚ್ಛವಾಗಿ, "ನೀವು ಫೋನ್ ಮಾಡಿದ್ದು ಆ ಹುಳಿಯ ವಿಷಯಕ್ಕೇ ಅಲ್ವಾ?"

"ಸಾಕು ಪ್ರಾಪ್ತಿ, ಇಡ್ತೇನೆ," ದಮಯಂತಿ ಫೋನಿಗೆ ಹಾರಿದಳು. ಅವಳಿಗೆ ಸಿಕ್ಕಿದ್ದು ಸೆಡ್ರಿಕನ ಮೊಣಕೈ.

"ಅಲುಗಾಡಿಸ್ಬೇಡಿ, ಸ್ವರ ಹೋಗ್ತದೆ," ಎಂದು ಅವನು ತುದಿಗಾಲಿನಲ್ಲಿ ನಿಂತ.

"ಹೆದರ್ಬೇಡಿ ಮೇಡಂ, ರಜೆ ಹಾಕುವ ಮೊದಲೇ ನಾನು ಅದನ್ನು ಕತ್ತರಿಸಿದ್ದೇನೆ."

ದಮಯಂತಿ ಓಡಿಹೋಗಿ ಗೋಡೆಗೆ ಕುಟ್ಟಿದಳು. ಆಚೆ ನಾಝಿಮಾ ನಿಷ್ಠೆಯಿಂದ ಒಲೆ ಹಚ್ಚಿದಳು. ಇನ್ನೂ ಹಚ್ಚಿಯೇ ಇದ್ದ ರೇಡಿಯೋ ಗುಯ್ಯೆಂದಿತು. ಪೂವಪ್ಪ ಅದನ್ನು ಆರಿಸಿದ. ಮೊಬೈಲಿಗೆ ಮಾತ್ರ ಏನೂ ಆಗಲಿಲ್ಲ.

"ಸೇಸಕ್ಕನ ಸಾರಿಗೆ ಹುಳಿ ಎಷ್ಟೆಂದರೆ, ಮಿಕ್ಕಿದ್ದರಲ್ಲಿ ತಾಮ್ರದ ಹಂಡೆ ಬೆಳಗಬಹುದು ಅಂದ್ರಲ್ಲ, ಅದೊಂದೇ ತೆಗೆದದ್ದು. ನನಗೆ ಎಷ್ಟು ನಗು ಬಂದಿತ್ತು ಗೊತ್ತುಂಟಾ? ಆದ್ರೆ ಅತ್ತಿಗೆಗೆ ಬೇಜಾರಾಗ್ಬಾರ್ದಲ್ಲ. ಇಡ್ಲಾ ಮೇಡಂ?"

ಇಟ್ಟಳು.

ನಾಝಿಮಾ ಬೇಯಿಸಿದ ಮೊಟ್ಟೆಗಳ ತಟ್ಟೆ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡವಳು, ಒಳಗಿನ ಮುಖಗಳನ್ನು ನೋಡಿ, ತಟ್ಟೆಯ ಸಮೇತ ಹಿಂದಕ್ಕೆ ಸರಿದಳು. ಸೆಡ್ರಿಕ್ ಫೋನನ್ನು ಮೆಲ್ಲಗೆ ಕೆಳಗಿಳಿಸಿ, "ವಯರು ಬಿಚ್ಚಬೇಕಿತ್ತು," ಎಂದು ತನ್ನಷ್ಟಕ್ಕೆ ಹೇಳಿಕೊಂಡು ತಾರಸಿಗೆ ಹೋದ. ಪೂವಪ್ಪನಿಗೆ ಹೋಗಲು ಬೇರೆ ಮನೆ ಇರಲಿಲ್ಲ. ಅವನು ಮೇನ್ ಸ್ವಿಚ್ ಹಾಕಲು ಹೋದವನು ಬಹಳ ಹೊತ್ತು ಅಲ್ಲೇ ನಿಂತ.

ಸೇಸಕ್ಕ ದಮಯಂತಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು, ಧಕ್ಕೆಯಲ್ಲಿ ಬುಟ್ಟಿಯ ಮೀನು ನೋಡುವ ಹಾಗೆ, ಕಿವಿರು ಎತ್ತಿ ತಾಜಾ ಉಂಟಾ ಎಂದು ಪರೀಕ್ಷಿಸುವ ಹಾಗೆ.

"ಬರ್ತೇನೆ ಅಂತ ಬಾಯಲ್ಲಿ ಬಂದಾಯ್ತು," ಎಂದಳು ಕೊನೆಗೆ. "ಹೇಳಿದ ಮೇಲೆ ಬಾರದೆ ಇರುವವಳಲ್ಲ ನಾನು. ಭಾನುವಾರ ಬರ್ತೇನೆ. ಆದ್ರೆ ಕ್ಯಾಟರಿಂಗಿನವರಿಗೆ ಮೀನು ಸಾರು ಬೇಡ ಅಂತ ಹೇಳಿ. ಅದು ನಾನೇ ಮಾಡುವುದು. ಮುನ್ನೂರು ಜನರಿಗಲ್ವಾ? ಮಾಡ್ತೇನೆ. ದಮಯಂತಿ ನನ್ನ ಹತ್ತಿರ ಕೂತೇ ಉಣ್ಬೇಕು, ಗಂಡಿನ ಕಡೆಯವರ ಎದುರು. ನಾನೇ ಬಡಿಸ್ತೇನೆ."

"ಆಯ್ತು ಅಕ್ಕ," ಎಂದಳು ದಮಯಂತಿ. ಹಲ್ಲುಗಳು ಈಗಲೇ ಜುಮ್ಮೆಂದವು.

ಸೇಸಕ್ಕ ಚಪ್ಪಲಿ ಮೆಟ್ಟಿ, ಸೆರಗು ಸರಿಮಾಡಿಕೊಂಡು, ಮೆಟ್ಟಿಲ ಹತ್ತಿರ ಒಮ್ಮೆ ತಿರುಗಿದಳು.

"ಮೀನು ನೀವು ತರ್ಸಿ," ಎಂದಳು. "ಹುಳಿ ನಾನು ತರ್ತೇನೆ."